ಏಳಲೊಲ್ಲದ ಲ್ಯಾಪ್‌ಟಾಪಿನೊಳಗಿನ ಕಡತಗಳು

2003ನೆಯ ಇಸವಿಯ ಫೆಬ್ರವರಿ 1ರಂದು ಅಮೆರಿಕದ ‘ಕೊಲಂಬಿಯ’ ಅಂತರಿಕ್ಷ ನೌಕೆಯು ಭೂಮಿಗೆ ಮರಳುತ್ತಿದ್ದಾಗ ಟೆಕ್ಸಾಸ್ ಪ್ರಾಂತದ ಮೇಲೆ ಒಡೆದು ಚೂರಾಯಿತು. ಕಲ್ಪನಾ ಚಾವ್ಲಾ ಅವರೂ ಸೇರಿ ಏಳು ಮಂದಿ ಯಾತ್ರಿಕರು ಪ್ರಾಣ ನೀಗಿದರು. ಆ ನೌಕೆಯಲ್ಲಿ ಕ್ಸೆನಾನ್ ಎಂಬ ಅನಿಲದ ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗವೊಂದು ನಡೆದಿತ್ತು. ಅದರ ಫಲಿತಾಂಶದಲ್ಲಿ ಒಂದು ಭಾಗ ಮಾತ್ರ ರೇಡಿಯೋ ಮೂಲಕ ಭೂಮಿಯನ್ನು ಸೇರಿತ್ತು. ಉಳಿದುದು ಒಂದು ಹಾರ್ಡ್ ಡಿಸ್ಕಿನಲ್ಲಿತ್ತು. ಅವಶೇಷಗಳ ನಡುವೆ ದೊರೆತಾಗ ಆ ಡಿಸ್ಕು ಸುಟ್ಟು ಕರಕಲಾದ ಲೋಹದ ಮುದ್ದೆಯಂತಿತ್ತು. ತಜ್ಞರು ಅದರ ತಟ್ಟೆಗಳನ್ನು ಹೊರತೆಗೆದು, ತೊಳೆದು, ಹೊಸ ಯಂತ್ರಾಂಗದಲ್ಲಿ ಕೂರಿಸಿ ಓದಿದಾಗ ನೂರಕ್ಕೆ 99ರಷ್ಟು ಮಾಹಿತಿ ದೊರೆಯಿತು. ಪ್ರಯೋಗದ ವರದಿ 2008ರಲ್ಲಿ ಪ್ರಕಟವಾಯಿತು.

ಆಕಾಶದಿಂದ ಬಿದ್ದ ಡಿಸ್ಕೇ ತನ್ನ ಸಂಗತಿಯನ್ನು ಹೇಳಬಲ್ಲದಾದರೆ, ಮೇಜಿನ ಮೇಲೆ ಕುಳಿತು ಏಳಲೊಲ್ಲದ ಲ್ಯಾಪ್‌ಟಾಪನ್ನು ಕಂಡು ವಿದ್ಯಾರ್ಥಿಯು ಎದೆಗುಂದಬೇಕಾಗಿಲ್ಲ. ವರ್ಷವೆಲ್ಲ ಶ್ರಮಿಸಿ ಬರೆದ ಪ್ರಬಂಧ ಅದರೊಳಗೆ ಬಹುಮಟ್ಟಿಗೆ ಸುರಕ್ಷಿತವಾಗಿಯೇ ಇರುತ್ತದೆ. ಅದನ್ನು ಕೆಡಿಸುವುದು ಅನೇಕ ವೇಳೆ ಯಂತ್ರದ ದೋಷವಲ್ಲ, ನಮ್ಮ ಆತುರ.

ಯಂತ್ರ ಏಳುವುದೆಂದರೇನು?

ಗುಂಡಿಯನ್ನು ಒತ್ತಿದೊಡನೆ ಮುಖ್ಯ ಫಲಕದ ಮೇಲಿನ ಒಂದು ಚಿಪ್ಪಿನಲ್ಲಿರುವ ಸಣ್ಣ ಕ್ರಮವಿಧಿಯು ಎಚ್ಚರಗೊಂಡು ಸ್ಮೃತಿ, ಕೀಲಿಮಣೆ, ತೆರೆ ಮೊದಲಾದುವು ಸರಿಯಾಗಿವೆಯೆ ಎಂದು ಪರೀಕ್ಷಿಸುತ್ತದೆ. ಬಳಿಕ ಡಿಸ್ಕಿನಲ್ಲಿರುವ ಒಂದು ಪುಟ್ಟ ಕ್ರಮವಿಧಿಯನ್ನು ಹುಡುಕಿ ಅದಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ಅದು ವಿಂಡೋಸ್ ಮುಂತಾದ ಕಾರ್ಯವ್ಯವಸ್ಥೆಯನ್ನು ಸ್ಮೃತಿಗೆ ತಂದು ನಿಲ್ಲಿಸುತ್ತದೆ. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಯಂತ್ರ ಏಳದು. ಆದರೆ ನಾವು ಬರೆದ ಪ್ರಬಂಧವಾಗಲಿ ತೆಗೆದ ಚಿತ್ರವಾಗಲಿ ಈ ಸರಪಣಿಯ ಕೊಂಡಿಯೇ ಅಲ್ಲ. ಮನೆಯ ಬಾಗಿಲು ತೆರೆಯದೆಂಬ ಮಾತ್ರಕ್ಕೆ ಕಣಜದೊಳಗಿನ ಭತ್ತ ಹಾಳಾಯಿತೆಂದು ಯಾರಾದರೂ ಅಳುವರೆ?

ಮೊದಲು ನಿದಾನ, ಆಮೇಲೆ ಚಿಕಿತ್ಸೆ

ರೋಗಿಯ ನಾಡಿ ಹಿಡಿಯುವ ವೈದ್ಯನಂತೆ ಮೊದಲು ಲಕ್ಷಣಗಳನ್ನು ಗಮನಿಸಬೇಕು. ದೀಪವೇ ಹೊತ್ತದಿದ್ದರೆ ದೋಷ ವಿದ್ಯುತ್ತಿನ ದಾರಿಯಲ್ಲಿದೆ. ಚಾರ್ಜರನ್ನು ಬಿಡಿಸಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಆಮೇಲೆ ಅದೇ ಜಾತಿಯ ಬೇರೊಂದು ಚಾರ್ಜರನ್ನು ಜೋಡಿಸಿ ನೋಡಬಹುದು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಈ ಪ್ರಯೋಗಗಳಾವುವೂ ಸಲ್ಲವು. ಅದು ಹೊತ್ತಿಕೊಳ್ಳಬಲ್ಲುದಾದ್ದರಿಂದ ರಿಪೇರಿ ಬಲ್ಲವರಿಗೆ ಒಪ್ಪಿಸಬೇಕು.

ಒಳಗೆ ಫ್ಯಾನು ತಿರುಗುವ ಸದ್ದು ಕೇಳಿಸುತ್ತಿದ್ದು ತೆರೆ ಮಾತ್ರ ಕಪ್ಪಾಗಿದ್ದರೆ, ಲ್ಯಾಪ್‌ಟಾಪನ್ನು ದೂರದರ್ಶನದ ಪೆಟ್ಟಿಗೆಗೆ ತಂತಿಯಿಂದ ಜೋಡಿಸಬೇಕು. ಅಲ್ಲಿ ಚಿತ್ರ ಮೂಡಿದರೆ ಕೆಟ್ಟಿರುವುದು ತೆರೆಯೊಂದೇ. ಕಡತಗಳನ್ನು ನೆಮ್ಮದಿಯಾಗಿ ನಕಲು ಮಾಡಿಕೊಳ್ಳಬಹುದು. ತಯಾರಕರ ಮುದ್ರೆ ಕಾಣಿಸಿಕೊಂಡು ಮುಂದೆ ಸಾಗದಿದ್ದರೆ, ಕಾರ್ಯವ್ಯವಸ್ಥೆ ಕೆಟ್ಟಿರುವ ಸಂಭವವೇ ಹೆಚ್ಚು. ಡಿಸ್ಕಿನಿಂದ ‘ಟಕ್ ಟಕ್’ ಎಂಬ ಸದ್ದು ಬರುತ್ತಿದ್ದರೆ ಒಡನೆ ಯಂತ್ರವನ್ನು ನಿಲ್ಲಿಸಬೇಕು. ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಬಾರಿ ಸುತ್ತುತ್ತದೆ. ಅದನ್ನು ಓದುವ ಶಿರವು ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಶಿರ ತಟ್ಟೆಗೆ ತಗಲಿದರೆ ಪ್ರತಿ ಸುತ್ತಿನಲ್ಲಿಯೂ ಮಾಹಿತಿಯನ್ನು ಕೆರೆದುಹಾಕುತ್ತದೆ. ಇಂತಹ ಡಿಸ್ಕನ್ನು ಮನೆಯಲ್ಲಿ ಬಿಚ್ಚಲೂ ಬಾರದು. ಒಂದು ಧೂಳಿನ ಕಣ ಅದಕ್ಕೆ ಬಂಡೆಯಷ್ಟು ದೊಡ್ಡದು.

ಹೊರಗಿನಿಂದ ಎಬ್ಬಿಸುವ ಉಪಾಯ

ಒಳಗಿನ ಕಾರ್ಯವ್ಯವಸ್ಥೆ ಕೆಟ್ಟಿದ್ದರೆ ಹೊರಗಿನಿಂದ ಬೇರೊಂದನ್ನು ತರಬಹುದು. ಜರ್ಮನಿಯ ಕ್ಲಾಸ್ ಕ್ನೋಪರ್ ಎಂಬವರು 2000ನೆಯ ಇಸವಿಯಲ್ಲಿ ಹೊರತಂದ ‘ಕ್ನಾಪಿಕ್ಸ್’ ಎಂಬ ಲಿನಕ್ಸ್ ವ್ಯವಸ್ಥೆಯು, ಯಂತ್ರದ ಡಿಸ್ಕಿನಲ್ಲಿ ಸ್ಥಾಪನೆಗೊಳ್ಳದೆ ಸಿ.ಡಿ.ಯಿಂದಲೇ ನೇರವಾಗಿ ನಡೆಯುತ್ತಿತ್ತು. ಇಂದು ಉಬುಂಟು ಮೊದಲಾದುವನ್ನು ಪೆನ್ ಡ್ರೈವಿನಿಂದ ಹೀಗೆಯೇ ನಡೆಸಬಹುದು. ಸ್ನೇಹಿತರ ಕಂಪ್ಯೂಟರಿನಲ್ಲಿ ಅಂತಹ ಪೆನ್ ಡ್ರೈವನ್ನು ಸಿದ್ಧಪಡಿಸಿ, ರೋಗಿಯಾದ ಲ್ಯಾಪ್‌ಟಾಪಿಗೆ ಚುಚ್ಚಿ, ಗುಂಡಿ ಒತ್ತಿದೊಡನೆ ಎಫ್12, ಎಫ್9 ಅಥವಾ ಆ ತಯಾರಕರು ಗೊತ್ತುಮಾಡಿದ ಕೀಲಿಯನ್ನು ಒತ್ತಿ, ಪೆನ್ ಡ್ರೈವಿನಿಂದ ಏಳುವಂತೆ ಆಜ್ಞಾಪಿಸಬೇಕು. ‘ಸ್ಥಾಪಿಸು’, ‘ಪ್ರಯತ್ನಿಸಿ ನೋಡು’ ಎಂಬ ಎರಡು ಆಯ್ಕೆಗಳು ಬಂದಾಗ ಎರಡನೆಯದನ್ನೇ ಆರಿಸತಕ್ಕದ್ದು. ಆಗ ಒಳಗಿನ ಡಿಸ್ಕಿನ ಕಡತಗಳು ಕಾಣಿಸುವುವು. ಅವನ್ನು ಹೊರಗಿನ ಡಿಸ್ಕಿಗೆ ಸಾಗಿಸಬೇಕು.

ಮುಖ್ಯ ಫಲಕವೇ ಸತ್ತಿದ್ದರೆ, ಡಿಸ್ಕನ್ನು ಹೊರತೆಗೆದು ಯು.ಎಸ್.ಬಿ. ಪೆಟ್ಟಿಗೆಯೊಂದರಲ್ಲಿಟ್ಟು ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ಕೆಲವು ಲ್ಯಾಪ್‌ಟಾಪುಗಳಲ್ಲಿ ಸಂಗ್ರಹದ ಚಿಪ್ಪುಗಳನ್ನು ಫಲಕಕ್ಕೇ ಬೆಸೆದಿರುವುದರಿಂದ ಈ ದಾರಿ ಎಲ್ಲ ಕಡೆಯೂ ತೆರೆದಿರುವುದಿಲ್ಲ.

ಬರೆಯಬಾರದೆಂಬ ನಿಯಮ

ಇಡೀ ವಿದ್ಯೆಯ ಸಾರ ಒಂದೇ ಮಾತಿನಲ್ಲಿದೆ: ಕಡತಗಳು ಕೈಗೆ ಬರುವವರೆಗೆ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಡಿಸ್ಕು ಒಂದು ಗ್ರಂಥಾಲಯವಿದ್ದಂತೆ. ಯಾವ ಕಡತ ಎಲ್ಲಿದೆಯೆಂಬುದನ್ನು ತಿಳಿಸುವ ಸೂಚಿಯೊಂದು ಅದರಲ್ಲಿರುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಕಡತವನ್ನು ಅಳಿಸಿದಾಗ ಸೂಚಿಯ ಚೀಟಿ ಹೋಗುತ್ತದೆಯೇ ಹೊರತು ಪುಸ್ತಕ ಕಪಾಟಿನಲ್ಲಿಯೇ ಉಳಿಯುತ್ತದೆ. ಸೂಚಿ ಪೂರ್ತಿ ನಾಶವಾದರೂ ‘ಫೋಟೋರೆಕ್’ನಂತಹ ಕ್ರಮವಿಧಿಗಳು ಕಪಾಟುಗಳನ್ನೇ ಒಂದೊಂದಾಗಿ ತಡಕಿ, ಪ್ರತಿಯೊಂದು ಜಾತಿಯ ಕಡತದ ಆರಂಭದಲ್ಲಿರುವ ಗುರುತಿನಿಂದ ಅದನ್ನು ಪತ್ತೆಹಚ್ಚುತ್ತವೆ. ಆದರೆ ಕಳವಳಗೊಂಡು ವಿಂಡೋಸನ್ನು ಪುನಃ ಸ್ಥಾಪಿಸಿದರೆ, ಹಳೆಯ ಪುಸ್ತಕಗಳಿದ್ದ ಜಾಗದಲ್ಲಿ ಹೊಸವು ಕೂರುತ್ತವೆ. ಹೀಗೆ ಹೋದುದು ಹೋಯಿತೇ ಸರಿ.

ಡಿಸ್ಕಿನ ಕೆಲವು ಭಾಗ ಓದಲು ಬಾರದಂತಾಗಿದ್ದರೆ ‘ಡಿ.ಡಿ.ರೆಸ್ಕ್ಯೂ’ ಎಂಬ ಕ್ರಮವಿಧಿ ಒದಗುತ್ತದೆ. ಅದು ಮೊದಲು ಸುಲಭವಾಗಿ ಸಿಕ್ಕುವ ಭಾಗಗಳನ್ನೆಲ್ಲ ನಕಲು ಮಾಡಿ, ಕಷ್ಟದ ಭಾಗಗಳಿಗೆ ಕೊನೆಯಲ್ಲಿ ಹಿಂದಿರುಗುತ್ತದೆ. ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಗಳನ್ನು ಮೊದಲು ಬಿಡಿಸುವ ಜಾಣ ವಿದ್ಯಾರ್ಥಿಯ ಕ್ರಮವೂ ಇದೇ ಅಲ್ಲವೆ? ರಿಪೇರಿಯ ಪ್ರಯೋಗಗಳನ್ನು ಈ ನಕಲಿನ ಮೇಲೆ ಮಾಡಬೇಕೇ ಹೊರತು ಮೂಲದ ಮೇಲಲ್ಲ.

ಹೊಸ ಕಾಲದ ಎರಡು ತೊಡಕುಗಳು

ಈಚಿನ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಯ ಬದಲು ಎಸ್.ಎಸ್.ಡಿ. ಎಂಬ ಚಿಪ್ಪಿನ ಸಂಗ್ರಹವಿರುತ್ತದೆ. ಅಳಿಸಿದ ಕಡತದ ಜಾಗವನ್ನು ಅದು ಸ್ವಲ್ಪ ಹೊತ್ತಿನಲ್ಲಿಯೇ ಬರಿದು ಮಾಡಿಬಿಡಬಹುದಾದುದರಿಂದ, ಅಳಿಸಿದುದನ್ನು ಮರಳಿ ಪಡೆಯುವ ಆಸೆ ಕಡಿಮೆ. ಎರಡನೆಯ ತೊಡಕು ಗೂಢಲಿಪಿ. ಅನೇಕ ಹೊಸ ಯಂತ್ರಗಳು ಡಿಸ್ಕಿನ ಮಾಹಿತಿಯನ್ನೆಲ್ಲ ಗೂಢಲಿಪಿಯಲ್ಲಿಯೇ ಇಡುತ್ತವೆ. ವಿಂಡೋಸಿನ ‘ಬಿಟ್‌ಲಾಕರ್’ ಬೀಗವಿದ್ದರೆ, ಡಿಸ್ಕನ್ನು ಬೇರೆಡೆ ಜೋಡಿಸಿದಾಗ 48 ಅಂಕಿಗಳ ಕೀಲಿಯನ್ನು ಕೊಡಬೇಕಾಗುತ್ತದೆ. ಅದಿಲ್ಲದೆ ಯಾವ ತಜ್ಞನೂ ಒಳಹೊಗಲಾರ. ಆ ಅಂಕಿಗಳನ್ನು ಯಂತ್ರ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ವಿವೇಕ.

ಕೊಲಂಬಿಯದ ಕಥೆಗೆ ಇನ್ನೊಂದು ಮುಖವೂ ಉಂಟು. ಫಲಿತಾಂಶವಿತ್ತ ಡಿಸ್ಕಿನ ತಟ್ಟೆಗಳಿಗೆ ಗೀರು ಬಿದ್ದಿದ್ದರೂ, ಆ ಹಾನಿ ತಟ್ಟಿದುದು ಇನ್ನೂ ಮಾಹಿತಿ ಬರೆಯದಿದ್ದ ಭಾಗಕ್ಕೆ. ಆದುದರಿಂದ ಮಾಹಿತಿ ಉಳಿಯಿತು. ಅದೇ ನೌಕೆಯಲ್ಲಿದ್ದ ಇನ್ನೆರಡು ಡಿಸ್ಕುಗಳಿಂದ ಏನೂ ದೊರೆಯಲಿಲ್ಲ. ಮರಳಿ ಪಡೆಯುವ ವಿದ್ಯೆ ಎಷ್ಟೇ ಬೆಳೆದರೂ ಅದರಲ್ಲಿ ಅದೃಷ್ಟದ ಪಾಲು ಇದ್ದೇ ಇರುತ್ತದೆ. ಅದೃಷ್ಟವನ್ನು ನಂಬದವನಿಗೆ ಉಳಿದಿರುವ ದಾರಿ ಒಂದೇ: ಮುಖ್ಯವಾದ ಕಡತದ ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಇನ್ನೊಂದು ಹೊರಗಿನ ಡಿಸ್ಕಿನಲ್ಲಿ, ಮತ್ತೊಂದು ಅಂತರ್ಜಾಲದ ಸಂಗ್ರಹದಲ್ಲಿಯೋ ಬೇರೆ ಮನೆಯಲ್ಲಿಯೋ ಇರಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಗಾದೆಯವರ ಸಾಲಿನಲ್ಲಿ ನಮ್ಮ ವಿದ್ಯಾರ್ಥಿಗಳು ನಿಲ್ಲದಿರಲಿ. ಈ ಲೇಖನವನ್ನು ಓದಿ ಮುಗಿಸಿದೊಡನೆ ಮಾಡತಕ್ಕ ಕೆಲಸವೂ ಅದೇ.