ಮಿನೆಸ್ಟ್ರೋನೆ: ನಮ್ಮ ಕಾಳು, ಇಟಲಿಯ ಸಾರು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಲಿನ ಹಳ್ಳಿಗಳಿಂದ ಓದಲು ಬರುವ ಮಕ್ಕಳಲ್ಲಿ ಹಲವರು ಇಬ್ಬರು-ಮೂವರು ಸೇರಿ ರೂಮು ಹಿಡಿದು ಇರುತ್ತಾರೆ. ನಾನು ರಸಾಯನಶಾಸ್ತ್ರ ಕಲಿಸುವವನು. ಬೆಳಗಿನ ಮೊದಲ ಅವಧಿಯಲ್ಲಿ ಏನು ತಿಂದು ಬಂದಿರಿ ಎಂದು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ: "ಚಾ ಕುಡದು ಬಂದೀವ್ರಿ ಸರ್." ಬಹಳವೆಂದರೆ ಚಹಾದ ಜೊತೆ ಎರಡು ಖಾರಿ. ಹನ್ನೊಂದೂವರೆಯ ಹೊತ್ತಿಗೆ ಒಬ್ಬಳಾದರೂ ಹುಡುಗಿ ತಲೆ ಸುತ್ತುತ್ತದೆಂದು ಬೆಂಚಿನ ಮೇಲೆ ತಲೆ ಇಟ್ಟಿರುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಜನರಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಈ ಅಂಕಿಗಳನ್ನು ನೋಡಲು ನಾನು ಪುಸ್ತಕ ತೆರೆಯಬೇಕಿಲ್ಲ, ತರಗತಿಯ ಬೆಂಚುಗಳ ಕಡೆ ನೋಡಿದರೆ ಸಾಕು.

ಆದ್ದರಿಂದ ಈ ಸಲದ ಪಾಠ ಒಂದು ಕುಕ್ಕರಿನದು. ಇಟಲಿಯಲ್ಲಿ ಮಿನೆಸ್ಟ್ರೋನೆ ಎಂಬ ಸಾರು ಇದೆ. 'ಮಿನೆಸ್ಟ್ರಾ' ಎಂದರೆ ಬಡಿಸುವ ಸಾರು, ಕೊನೆಯ 'ಓನೆ' ಎಂದರೆ ದೊಡ್ಡದು. ಒಟ್ಟಿನಲ್ಲಿ 'ದೊಡ್ಡ ಸಾರು'. ಕಾಳು, ಆ ಋತುವಿನಲ್ಲಿ ಸಿಕ್ಕ ಕಾಯಿಪಲ್ಲೆ, ಸೊಪ್ಪು, ಒಂದು ಹಿಡಿ ಪಾಸ್ತಾ ಅಥವಾ ಅಕ್ಕಿ ಎಲ್ಲ ಸೇರಿ ಗಟ್ಟಿಯಾಗಿ ಕುದಿಯುವ ಅಡುಗೆ ಅದು. ಇದಕ್ಕೆ ಖಚಿತ ಪಟ್ಟಿ ಎಂಬುದೇ ಇಲ್ಲ. ಮಿಲಾನಿನವರು ಅಕ್ಕಿ ಹಾಕುತ್ತಾರೆ, ಜಿನೋವಾದವರು ಕೊನೆಗೆ ತುಳಸಿಯ ಜಾತಿಯ ಸೊಪ್ಪನ್ನು ಬಳ್ಳೊಳ್ಳಿ, ಎಣ್ಣೆ ಜೊತೆ ಅರೆದು ಬೆರೆಸುತ್ತಾರೆ. ದುಡಿಯುವವರ ಮನೆಯ ಅಡುಗೆಯಾದ್ದರಿಂದ ಮನೆಯಲ್ಲಿ ಇದ್ದದ್ದೇ ಅದರ ಸಾಮಗ್ರಿ.

ಹೆಸರು ಹೊಸದಾಯಿತೇ ಹೊರತು ಅಡುಗೆ ನಮಗೆ ಹೊಸದಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಉಣ್ಣುವ ಬಜ್ಜಿ ಪಲ್ಲೆಯನ್ನು ನೆನಪಿಸಿಕೊಳ್ಳಿ. ಹಸಿ ಕಡಲೆ, ಅವರೆ, ತೊಗರಿ, ಶೇಂಗಾ, ಬದನಿಕಾಯಿ, ಗಜ್ಜರಿ, ನಾಲ್ಕಾರು ಬಗೆಯ ಸೊಪ್ಪು, ಎಲ್ಲವೂ ಒಂದೇ ಪಾತ್ರೆಯಲ್ಲಿ. ಗೆಳೆಯರ ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ ಜೊತೆ ಅದನ್ನು ಉಂಡವರು ನಮ್ಮ ಕಾಲೇಜಿನಲ್ಲಿ ಎಷ್ಟೋ ಜನ ಇದ್ದೀರಿ. ಮನೆಯಲ್ಲಿ ಕದ್ದು ಕಾ ದಾಲ್ಚಾ ಮಾಡುವಾಗ ಅಮ್ಮಿ ಮಾಡುವುದೂ ಇದನ್ನೇ: ಬೇಳೆ, ಸೋರೆಕಾಯಿ, ಹುಣಸೆ ಹುಳಿ, ಇದ್ದರೆ ನಾಲ್ಕು ತುಂಡು ಮಾಂಸ. ನನ್ನ ಲೆಕ್ಕದಲ್ಲಿ ಬಜ್ಜಿ, ದಾಲ್ಚಾ, ಮಿನೆಸ್ಟ್ರೋನೆ ಮೂರೂ ಹತ್ತಿರದ ನೆಂಟರು.

ಇಟಲಿಯವರು ಇಂದು ಈ ಸಾರಿಗೆ ಹಾಕುವ ಬೀನ್ಸ್ ನಮ್ಮ ರಾಜ್ಮಾದ ಕುಲದ್ದು. ಅದೂ, ಟೊಮ್ಯಾಟೊವೂ ಅಮೆರಿಕ ಖಂಡದ ಬೆಳೆಗಳು. 1492ರಲ್ಲಿ ಕೊಲಂಬಸ್ ಅತ್ತ ಹೋಗಿ ಬಂದ ಮೇಲೆಯೇ ಅವು ಯುರೋಪಿಗೆ ಬಂದವು. ಅದಕ್ಕೂ ಮೊದಲು ಅಲ್ಲಿಯವರು ಬಳಸುತ್ತಿದ್ದ ಕಾಳುಗಳಲ್ಲಿ ಒಂದು ಕಪ್ಪು ಕಣ್ಣಿನ ಅಲಸಂದಿ. ಹಾಗಾಗಿ ನೀವು ಅಲಸಂದಿ ಹಾಕಿ ಮಾಡಿದರೆ ಅದು ಬಡವರ ಬದಲಿ ಸಾಮಾನು ಎಂದುಕೊಳ್ಳಬೇಡಿ. ಆ ಸಾರಿನ ವಂಶದಲ್ಲಿ ಅಲಸಂದಿಯೇ ಹಿರಿಯಣ್ಣ.

ಇನ್ನು ಮುಖ್ಯ ವಿಷಯ, ನೀರು. "ಈ ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ" ಎಂಬ ಮಾತನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ಕೆಲವರು ಬೇಳೆ ಹಳೆಯದೆಂದು ಅಂಗಡಿಯವನನ್ನು ಬೈಯುತ್ತಾರೆ, ಕೆಲವರು ಸೊಸೆಯನ್ನು. ಹಳೆಯ ಕಾಳು ಬೇಯುವುದು ತಡ ಎನ್ನುವುದು ನಿಜವೇ. ಆದರೆ ಎಷ್ಟೋ ಸಲ ತಪ್ಪು ಕಾಳಿನದೂ ಅಲ್ಲ, ಸೊಸೆಯದೂ ಅಲ್ಲ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು ಪೆಕ್ಟಿನ್. ಇಟ್ಟಂಗಿಗಳ ನಡುವಿನ ಗಾರೆ ಇದ್ದಂತೆ. ಬೇಯುವುದು ಎಂದರೆ ಮುಖ್ಯವಾಗಿ ಈ ಗಾರೆ ಕರಗುವುದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಹೆಚ್ಚು. ಎರಡು ಧನ ಆವೇಶವಿರುವ ಕ್ಯಾಲ್ಸಿಯಂ ಅಯಾನು ಪೆಕ್ಟಿನ್ನಿನ ಎರಡು ಎಳೆಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡುಬಿಡುತ್ತದೆ. ಗಾರೆ ಇನ್ನೂ ಗಟ್ಟಿಯಾಗುತ್ತದೆ. ನೀವು ಸೀಟಿಯ ಮೇಲೆ ಸೀಟಿ ಹೊಡೆಸುತ್ತೀರಿ, ಗ್ಯಾಸ್ ಖರ್ಚಾಗುತ್ತದೆ, ಕಾಳು ಹಲ್ಲಿಗೆ ಕಟಕಟ ಅನ್ನುತ್ತಲೇ ಇರುತ್ತದೆ.

ಇದಕ್ಕೆ ಮೂರು ದಾರಿ. ನೀರನ್ನು ಮೊದಲೇ ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಗಸಿ ಬಿಟ್ಟು ಮೇಲಿನ ನೀರನ್ನಷ್ಟೇ ಬಳಸುವುದು ಒಂದು. ಕುದಿಯುವಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೆಳಗೆ ಕೂರುತ್ತದೆ. ನೀರು ಕಾಯಿಸುವ ಪಾತ್ರೆಗೆ ಕಟ್ಟುವ ಬಿಳಿ ಪದರು ಅದೇ. ಇದರಿಂದ ಹೋಗುವುದು ತಾತ್ಕಾಲಿಕ ಗಡಸುತನ ಮಾತ್ರ, ಸಲ್ಫೇಟ್, ಕ್ಲೋರೈಡ್‌ಗಳಿಂದ ಬರುವ ಶಾಶ್ವತ ಗಡಸುತನ ಹೋಗುವುದಿಲ್ಲ. ಎರಡನೆಯದು, ನೆನೆಹಾಕುವ ನೀರಿಗೆ ಲೀಟರಿಗೆ ಎರಡು ಚಮಚೆಯಷ್ಟು ಉಪ್ಪು ಹಾಕುವುದು. ಸೋಡಿಯಂ ಅಯಾನುಗಳು ಸಿಪ್ಪೆಯಲ್ಲಿನ ಕ್ಯಾಲ್ಸಿಯಂನ ಜಾಗ ಹಿಡಿಯುತ್ತವೆ. ಸೋಡಿಯಂಗೆ ಒಂದೇ ಕೈ, ಎರಡು ಎಳೆ ಹಿಡಿಯಲು ಬರುವುದಿಲ್ಲ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಹಳೆಯ ನಂಬಿಕೆ ನೆನೆಹಾಕುವ ಮಟ್ಟಿಗಂತೂ ತಿರುಗುಮುರುಗು. ಮೂರನೆಯದು ಚಿಟಿಕೆ ಅಡುಗೆ ಸೋಡಾ. ಕಾಳು ಬೇಗ ಮೆತ್ತಗಾಗುತ್ತದೆ ನಿಜ, ಆದರೆ ಕ್ಷಾರದಲ್ಲಿ ಬಿ1 ಜೀವಸತ್ವ ನಾಶವಾಗುತ್ತದೆ, ರುಚಿಯೂ ಸಾಬೂನಿನಂತೆ ಆಗುತ್ತದೆ. ನಾನು ಮೊದಲಿನ ಎರಡನ್ನೇ ಹೇಳುತ್ತೇನೆ.

ಹುಳಿಯ ಮಾತೂ ಇದೇ. ಆಮ್ಲದಲ್ಲಿ ಪೆಕ್ಟಿನ್ ಬೇಗ ಕರಗುವುದಿಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ಬೇಳೆ ಬೆಂದ ಮೇಲೆ ಹುಣಸೆ ಹುಳಿ ಬಿಡುವುದು. ಪೆಕ್ಟಿನ್ ಹೆಸರು ಕೇಳದ ಅಜ್ಜಿಯರಿಗೂ ಈ ಕ್ರಮ ಗೊತ್ತಿತ್ತು. ಟೊಮ್ಯಾಟೊ ಕೂಡ ಕಾಳು ಬೆಂದ ನಂತರವೇ.

ರಾಜ್ಮಾ ಹಾಕುವವರಿಗೆ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹಸಿ ರಾಜ್ಮಾದಲ್ಲಿ ಫೈಟೊ ಹೀಮಗ್ಲುಟಿನಿನ್ ಎಂಬ ಪ್ರೋಟೀನು ಇದೆ. ಫೈಟೊ ಎಂದರೆ ಸಸ್ಯ, ಹೀಮಗ್ಲುಟಿನಿನ್ ಎಂದರೆ ರಕ್ತಕಣಗಳನ್ನು ಗುಂಪುಗಟ್ಟಿಸುವುದು. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಿದರೆ ಈ ಪ್ರೋಟೀನಿನ ರಚನೆ ಕೆಡುತ್ತದೆ, ಅಂದರೆ ನೀವು ಓದುವ ಡಿನೇಚರೇಶನ್. ಕುದಿ ಬರದ ಬಿಸಿಯಲ್ಲಿ, ಸುಮಾರು 80 ಡಿಗ್ರಿಯಲ್ಲಿ, ಎಷ್ಟು ಹೊತ್ತು ಇಟ್ಟರೂ ವಿಷ ಹೋಗದೆ ಹೆಚ್ಚಾಗಲೂಬಹುದು. ರೂಮಿನಲ್ಲಿ ಎಲೆಕ್ಟ್ರಿಕ್ ಕೆಟಲಿನಲ್ಲಿ ಬಿಸಿನೀರು ಮಾಡಿ, ಅದರಲ್ಲಿ ರಾಜ್ಮಾ ಮುಚ್ಚಿಟ್ಟು ಮೆತ್ತಗೆ ಮಾಡುವ ಉಪಾಯ ಯಾರ ತಲೆಯಲ್ಲಾದರೂ ಇದ್ದರೆ ಇಂದೇ ಬಿಡಿ. ಕುಕ್ಕರೇ ಬೇಕು. ನಮ್ಮ ಭಾಗ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಏರಿ 120 ಡಿಗ್ರಿಯ ಹತ್ತಿರ ಹೋಗುತ್ತದೆ. ವಾಯುಭಾರಕ್ಕೂ ಕುದಿಬಿಂದುವಿಗೂ ಇರುವ ಸಂಬಂಧ ಪರೀಕ್ಷೆಯಲ್ಲಿ ಬಂದರೆ ಸೀಟಿಯನ್ನು ನೆನೆಯಿರಿ.

ಈಗ ಐದು ಜನರ ಲೆಕ್ಕ. ಅಲಸಂದಿ ಕಾಲು ಕಿಲೋ, ರಾತ್ರಿಯೇ ಉಪ್ಪುನೀರಿನಲ್ಲಿ ನೆನೆಹಾಕಿದ್ದು. ಉಳ್ಳಾಗಡ್ಡಿ ಎರಡು, ಬಳ್ಳೊಳ್ಳಿ ಏಳೆಂಟು ಎಸಳು, ಗಜ್ಜರಿ ಎರಡು, ಟೊಮ್ಯಾಟೊ ನಾಲ್ಕು. ಇವಿಷ್ಟು ಖಾಯಂ. ಜೊತೆಗೆ ಸಂತೆಯಲ್ಲಿ ಅಗ್ಗ ಸಿಕ್ಕ ಯಾವುದಾದರೂ ಎರಡು ಕಾಯಿಪಲ್ಲೆ: ಸೋರೆಕಾಯಿ, ಎಲೆಕೋಸು, ಬೀನ್ಸ್, ಕುಂಬಳ. ಒಂದು ಸೂಡು ಪಾಲಕ ಅಥವಾ ರಾಜಗಿರಿ. ಒಂದು ಹಿಡಿ ಶಾವಿಗೆ. ಮೂರು ಚಮಚೆ ಎಣ್ಣೆ. ಕುಸುಬಿ ಎಣ್ಣೆ ನಮ್ಮ ಎರೆಭೂಮಿಯದು, ಇದ್ದರೆ ಅದೇ ಇರಲಿ, ಇಲ್ಲವಾದರೆ ಶೇಂಗಾ ಎಣ್ಣೆ. ಇಟಲಿಯ ಹಳೆಯ ಕ್ರಮದಲ್ಲಿ ಶುರುವಿಗೆ ಹಂದಿಯ ಕೊಬ್ಬು ಹಾಕುವುದುಂಟು, ಅಲ್ಲಿಯೂ ಬರೀ ಎಣ್ಣೆಯಲ್ಲಿ ಮಾಡುವವರು ಬೇಕಾದಷ್ಟಿದ್ದಾರೆ. ಮನೆಯಲ್ಲಿ ಮಾಡಿಕೊಳ್ಳುವುದರ ಒಂದು ಲಾಭ ಇದು, ಪಾತ್ರೆಗೆ ಏನು ಬಿತ್ತು ಎಂಬುದು ನಿಮಗೆ ಗೊತ್ತಿರುತ್ತದೆ. ಹೊರದೇಶದ ಪ್ಯಾಕೆಟ್ ಸೂಪು ಕೊಳ್ಳುವಾಗ ಹಿಂದಿನ ಸಣ್ಣ ಅಕ್ಷರ ಓದಿಕೊಳ್ಳಿ.

ನೆನೆದ ಕಾಳಿನ ನೀರು ಬಸಿದು, ಹೊಸ ನೀರು ಹಾಕಿ ಕುಕ್ಕರಿನಲ್ಲಿ ಎರಡು-ಮೂರು ಸೀಟಿ. ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು. ಕಡಲೆಯನ್ನೂ ಸೇರಿಸುವವರು ಅದನ್ನು ಬೇರೆ ಬೇಯಿಸಿಕೊಳ್ಳಿ, ಅದಕ್ಕೆ ಹೆಚ್ಚು ಸಮಯ ಬೇಕು. ಇನ್ನೊಂದು ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಗಜ್ಜರಿಯನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ಅವಸರ ಬೇಡ, ಸಾರಿನ ಸಿಹಿ ಬರುವುದೇ ಇಲ್ಲಿಂದ. ಬಳ್ಳೊಳ್ಳಿ, ಚಿಟಿಕೆ ಅಜವಾನ ಹಾಕಿ. ಇಟಲಿಯವರು ಬಳಸುವ ಥೈಮ್ ಎಂಬ ಸೊಪ್ಪಿನ ವಾಸನೆಗೂ ಅಜವಾನದ ವಾಸನೆಗೂ ಕಾರಣ ಒಂದೇ ರಾಸಾಯನಿಕ, ಥೈಮಾಲ್. ಮೇಲೆ ಉಳಿದ ಕಾಯಿಪಲ್ಲೆ, ಬೆಂದ ಕಾಳು, ಕಾಳು ಬೆಂದ ನೀರು, ಸಾಲದಿದ್ದರೆ ಇನ್ನೂ ನಾಲ್ಕು ಲೋಟ ಬಿಸಿನೀರು. ಟೊಮ್ಯಾಟೊ, ಉಪ್ಪು, ಕರಿಮೆಣಸು ಈಗ. ಇಪ್ಪತ್ತು ನಿಮಿಷ ಕುದಿಯಲಿ. ಒಂದು ಸೌಟು ಕಾಳನ್ನು ಮಸೆದು ಮತ್ತೆ ಬೆರೆಸಿದರೆ ಸಾರು ತಾನೇ ಗಟ್ಟಿಯಾಗುತ್ತದೆ, ಹಿಟ್ಟು ಕದಡಿ ಹಾಕುವುದು ಬೇಡ. ಕೊನೆಯ ಐದು ನಿಮಿಷಕ್ಕೆ ಮುರಿದ ಶಾವಿಗೆ ಮತ್ತು ಸೊಪ್ಪು. ಮನೆಯ ಹತ್ತಿರ ಕಾಮಕಸ್ತೂರಿ ಗಿಡವಿದ್ದರೆ ನಾಲ್ಕು ಎಲೆ ಹರಿದು ಹಾಕಿ. ಜಿನೋವಾದವರು ಅರೆಯುವ ಸೊಪ್ಪು ಇದೇ. ರಮ್ಜಾನಿನಲ್ಲಿ ಶರಬತ್ತಿಗೆ, ಫಲೂದಾಕ್ಕೆ ಹಾಕುವ ಸಬ್ಜಾ ಇದರ ಬೀಜ.

ಒಲೆ ಆರಿಸಿದ ಮೇಲೆ, ತಟ್ಟೆಗೆ ಹಾಕಿಕೊಂಡ ನಂತರ, ಅರ್ಧ ಲಿಂಬೆ ಹಿಂಡಿ. ಇದು ಬರೀ ರುಚಿಗಲ್ಲ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಸಿ ಜೀವಸತ್ವ ಫೆರಿಕ್ ಕಬ್ಬಿಣವನ್ನು ಫೆರಸ್ ಆಗಿ ಅಪಕರ್ಷಿಸಿ ಕರುಳಿಗೆ ದಾರಿ ಮಾಡಿಕೊಡುತ್ತದೆ. ರೆಡಾಕ್ಸ್ ಕ್ರಿಯೆಗೆ ಉದಾಹರಣೆ ಕೊಡಿ ಎಂದರೆ ನೀವು ಯಾವಾಗಲೂ ಸತು ಮತ್ತು ತಾಮ್ರದ ಸಲ್ಫೇಟ್ ಬರೆಯುತ್ತೀರಿ, ಇದನ್ನೂ ಬರೆಯಬಹುದು. ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಕಾವಿಗೆ ಕೆಡುತ್ತದೆ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಇಂಡಿ ಲಿಂಬೆ ನಮ್ಮ ಹಿತ್ತಲಲ್ಲೇ ಇದೆ, ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿಯೂ ಇಂಡಿಯಲ್ಲೇ ಇದೆ. ಆದರೂ ನಮ್ಮ ಮಕ್ಕಳು ಊಟದ ಜೊತೆ ಲಿಂಬೆ ಬಿಟ್ಟು ಊಟದ ಹಿಂದೆಯೇ ಚಹಾ ಕುಡಿಯುತ್ತಾರೆ. ಚಹಾದ ಪಾಲಿಫಿನಾಲುಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಚಹಾ ಬಿಡಿ ಎಂದರೆ ನೀವು ಬಿಡುವವರಲ್ಲ, ನಾನೂ ಅಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರ ಇಡಿ, ಅಷ್ಟೇ. ತಲೆಸುತ್ತು ಮೇಲಿಂದ ಮೇಲೆ ಬರುವವರು ಮಾತ್ರ ಸಾರನ್ನು ನಂಬಿ ಕೂರದೆ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ.

ಕಾಲು ಕಿಲೋ ಅಲಸಂದಿಯಲ್ಲಿ ಸುಮಾರು 60 ಗ್ರಾಂ ಪ್ರೋಟೀನು, ಐವರಿಗೆ ಹಂಚಿದರೆ ತಲೆಗೆ 12 ಗ್ರಾಂ. ಪಕ್ಕದಲ್ಲಿ ಜೋಳದ ರೊಟ್ಟಿ ಇರಲಿ. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಹೇರಳ. ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ಅನ್ನು ಜೋಳ ತುಂಬುತ್ತದೆ.

ಇಟಲಿಯ ಪೆಲ್ಲೆಗ್ರಿನೊ ಅರ್ತೂಸಿ 1891ರಲ್ಲಿ ಸ್ವಂತ ಖರ್ಚಿನಿಂದ ಒಂದು ಅಡುಗೆ ಪುಸ್ತಕ ಅಚ್ಚು ಹಾಕಿಸಿದರು. ಅದರ ಹೆಸರಿನಲ್ಲೇ 'ಅಡುಗೆಮನೆಯ ವಿಜ್ಞಾನ' ಎಂದಿದೆ. ಮಿನೆಸ್ಟ್ರೋನೆಯ ಬಗ್ಗೆ ಬರೆಯುವಾಗ ಅವರು 1855ರ ಒಂದು ಸಂಗತಿ ಹೇಳುತ್ತಾರೆ. ಲಿವೊರ್ನೊ ಊರಿಗೆ ಹೋದಾಗ ಅಲ್ಲಿನ ಖಾನಾವಳಿಯಲ್ಲಿ ಈ ಸಾರು ಉಂಡರು. ರಾತ್ರಿಯಿಡೀ ಹೊಟ್ಟೆನೋವು, ಸಾರಿಗೆ ಶಾಪ ಹಾಕುತ್ತ ಕಳೆದರು. ಬೆಳಗ್ಗೆ ಫ್ಲಾರೆನ್ಸಿಗೆ ಹೊರಟುಹೋದರು. ಆಮೇಲೆ ಸುದ್ದಿ ಬಂತು: ಲಿವೊರ್ನೊದಲ್ಲಿ ಕಾಲರಾ, ಮೊದಲು ಸತ್ತವನು ಅವರು ತಂಗಿದ್ದ ಮನೆಯ ಯಜಮಾನನೇ. ಸಾರು ನಿರಪರಾಧಿ. ಕಾಲರಾದ ರೋಗಾಣುವನ್ನು ಫಿಲಿಪ್ಪೊ ಪಾಚಿನಿ ಅದೇ ಫ್ಲಾರೆನ್ಸಿನಲ್ಲಿ 1854ರಲ್ಲೇ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿದ್ದರು, ಜನ ಲಕ್ಷ್ಯ ಕೊಡಲಿಲ್ಲ. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದೇ ಕಾರಣ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಾರು ಉಳಿದರೆ? ಇಟಲಿಯ ಟಸ್ಕನಿಯಲ್ಲಿ ಉಳಿದ ಸಾರಿಗೆ ಒಣ ಬ್ರೆಡ್ಡು ಹಾಕಿ ಮರುದಿನ ಮತ್ತೆ ಕುದಿಸಿ ಉಣ್ಣುತ್ತಾರೆ, ಅದರ ಹೆಸರೇ 'ರಿಬೊಲ್ಲಿತಾ', ಮತ್ತೆ ಕುದಿಸಿದ್ದು. ಊರಿಂದ ಅಮ್ಮ ಕಟ್ಟಿ ಕಳಿಸಿದ ಕಟಕ ರೊಟ್ಟಿ ರೂಮಿನ ಡಬ್ಬಿಯಲ್ಲಿ ಇದ್ದೇ ಇರುತ್ತದೆ, ಅದನ್ನು ಮುರಿದು ಹಾಕಿ. ಫ್ರಿಜ್ ಇಲ್ಲದ ರೂಮಿನಲ್ಲಿ, ಅದರಲ್ಲೂ ಮಾರ್ಚ್‌ನಿಂದ ಮೇ ತನಕದ ನಮ್ಮ ಬಿಸಿಲಿನಲ್ಲಿ, ಸಾರನ್ನು ರಾತ್ರಿಯಿಡೀ ಇಡಬೇಡಿ. ಚಳಿಗಾಲದಲ್ಲಿ ಕೂಡ ಮಾಡಿದ ಎರಡು ತಾಸಿನೊಳಗೆ ಉಣ್ಣಿ, ಉಳಿಯುವಂತಿದ್ದರೆ ಪಕ್ಕದ ರೂಮಿನವರನ್ನು ಕರೆಯಿರಿ. ಫ್ರಿಜ್ ಇದ್ದವರು ಅಗಲ ಪಾತ್ರೆಗೆ ಸುರಿದು ಬೇಗ ಆರಿಸಿ ಒಳಗಿಡಿ, ಮರುದಿನ ಬುಳುಬುಳು ಕುದಿ ಬರುವ ತನಕ ಕಾಯಿಸಿ, ಲಿಂಬೆಯನ್ನು ಆಗ ಹೊಸದಾಗಿ ಹಿಂಡಿಕೊಳ್ಳಿ.