ಮನೆಯ ಬಣ್ಣವೂ ಕ್ರಯಪತ್ರದ ಕಟ್ಟಳೆಯೂ

ಮನೆಯ ಒಳಗೋಡೆಗೆ ಯಾವ ಬಣ್ಣ ಬಳಿಯಬೇಕೆಂಬುದನ್ನು ಆ ಮನೆಯವರು ನಿಶ್ಚಯಿಸುತ್ತಾರೆ. ಹೊರಗೋಡೆಯ ಬಣ್ಣವನ್ನು ನಿಶ್ಚಯಿಸುವವರು ಯಾರು? ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ವಾಸಿಸುವ ನಮ್ಮಲ್ಲಿ ಅನೇಕರಿಗೆ ಈ ಪ್ರಶ್ನೆ ತಲೆದೋರುವುದೇ ಇಲ್ಲ. ನಮ್ಮ ಕೋಣೆಗಳ ಒಳಮೈ ನಮ್ಮದು, ಕಟ್ಟಡದ ಹೊರಮೈ ಎಲ್ಲರದು. ಸಭೆ ಸೇರಿ, ವಾದವಿವಾದಗಳಾಗಿ, ಹಣ ಕೂಡಿ, ಬಿದಿರಿನ ಅಟ್ಟಣೆ ಕಟ್ಟಿ, ಇಡೀ ಕಟ್ಟಡಕ್ಕೆ ಒಪ್ಪಿದ ಬಣ್ಣವನ್ನು ಬಳಿಸಲಾಗುತ್ತದೆ. ಮೂರನೆಯ ಮಹಡಿಯವರೊಬ್ಬರು ತಮ್ಮ ಪಾಲಿನ ಗೋಡೆಗೆ ಮಾತ್ರ ಗಿಳಿಹಸುರು ಬಳಿಸಿದರೆ ಏನಾದೀತೆಂಬುದನ್ನು ವಿದ್ಯಾರ್ಥಿಮಿತ್ರರು ಊಹಿಸಿಕೊಳ್ಳಬಹುದು. ಆದರೆ ಸ್ವಂತ ನಿವೇಶನದಲ್ಲಿ, ಸುತ್ತಲೂ ಅಂಗಳವಿರುವ ಒಂಟಿ ಮನೆಯ ಒಡೆಯನಿಗೂ ಬಣ್ಣದ ವಿಷಯದಲ್ಲಿ ಸ್ವಾತಂತ್ರ್ಯವಿಲ್ಲದ ಬಡಾವಣೆಗಳುಂಟು. ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥವು ಹೇರಳವಾಗಿವೆ. ಅಲ್ಲಿ ಮನೆಯನ್ನು ಕೊಳ್ಳುವಾಗಲೇ, ಇಂತಿಂಥ ಬಣ್ಣಗಳನ್ನಲ್ಲದೆ ಬೇರೆಯವನ್ನು ಬಳಿಯೆನೆಂದು ಒಡೆಯನು ಕರಾರಿಗೆ ಒಳಪಟ್ಟಿರುತ್ತಾನೆ. ಈ ಕಟ್ಟಳೆ ಹೇಗೆ ಹುಟ್ಟಿತು, ಅದರ ಗುಣದೋಷಗಳೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನಮ್ಮ ಹಿರಿಯರ ಊರುಗಳಲ್ಲಿ ಬಣ್ಣದ ಕಟ್ಟಳೆಯನ್ನು ಕಾಗದದ ಮೇಲೆ ಬರೆಯುವ ಅಗತ್ಯವೇ ಇರಲಿಲ್ಲ. ಹಬ್ಬ ಬಂದಿತೆಂದರೆ ಗೋಡೆಗೆ ಸುಣ್ಣ, ಕೆಳಗಿನ ಅಂಚಿಗೆ ಕೆಮ್ಮಣ್ಣು. ಓಣಿಯ ಮನೆಗಳೆಲ್ಲ ಒಂದೇ ಬಗೆಯಾಗಿ ಕಾಣುತ್ತಿದ್ದುದು ಯಾರ ಅಪ್ಪಣೆಯಿಂದಲೂ ಅಲ್ಲ. ಊರ ಸುತ್ತಲಿನ ಮಣ್ಣು ಕೊಡುತ್ತಿದ್ದ ಬಣ್ಣಗಳೇ ಅಷ್ಟು. ದೂರದ ಬಣ್ಣಕ್ಕೆ ದುಬಾರಿ ಬೆಲೆ ತೆರಬೇಕಾಗುತ್ತಿತ್ತು. ನೇರಳೆಯಂತೂ ಅರಸರಿಗೆ ಮೀಸಲಾದ ಬಣ್ಣ. ಪ್ರಾಚೀನ ರೋಮಿನಲ್ಲಿ ಸಮುದ್ರದ ಒಂದು ಜಾತಿಯ ಬಸವನಹುಳುಗಳನ್ನು ಸಾವಿರಗಟ್ಟಲೆ ಕೊಂದು ಅದನ್ನು ತೆಗೆಯುತ್ತಿದ್ದರು. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರುಷದ ಆಂಗ್ಲ ವಿದ್ಯಾರ್ಥಿ, ಮಲೇರಿಯಾ ಜ್ವರಕ್ಕೆ ಮದ್ದಾದ ಕ್ವಿನೈನನ್ನು ಪ್ರಯೋಗಶಾಲೆಯಲ್ಲಿ ಮಾಡಲು ಹೊರಟು, ಅದರ ಬದಲು ಕಲ್ಲಿದ್ದಲಿನ ಡಾಂಬರಿನ ಅಂಶದಿಂದ ನೇರಳೆ ಬಣ್ಣವನ್ನು ಪಡೆದನು. ಅಲ್ಲಿಂದ ಮುಂದೆ ಕೃತಕ ವರ್ಣಗಳ ಯುಗ ಆರಂಭವಾಯಿತು. ಯಾರು ಬೇಕಾದರೂ ಯಾವ ಬಣ್ಣವನ್ನಾದರೂ ಡಬ್ಬಿಯಲ್ಲಿ ಕೊಂಡು ತರಬಹುದಾದ ಕಾಲ ಬಂದ ಬಳಿಕವೇ ‘ಈ ಬಣ್ಣ ಕೂಡದು’ ಎಂಬ ಮಾತಿಗೆ ಅರ್ಥ ಬಂದುದು.

ಇನ್ನು ಕಾಯಿದೆಯ ಸಂಗತಿ. ಒಬ್ಬನು ತನ್ನ ಜಮೀನನ್ನು ಮಾರುವಾಗ ಕೊಂಡವನಿಂದ ಏನಾದರೂ ವಚನ ಪಡೆಯಬಹುದು. ಆದರೆ ಕೊಂಡವನು ಅದನ್ನು ಮತ್ತೊಬ್ಬನಿಗೆ ಮಾರಿದರೆ? ವಚನ ಕೊಟ್ಟವನು ಹೊರಟುಹೋದ. ಹೊಸಬನು ಯಾವ ವಚನವನ್ನೂ ಕೊಟ್ಟಿಲ್ಲ. ಲಂಡನ್ನಿನ ಲೆಸ್ಟರ್ ಚೌಕದಲ್ಲಿ ನಡೆದುದು ಇದೇ. ಚೌಕದ ನಡುವಣ ತೋಟವನ್ನು ಟಲ್ಕ್ ಎಂಬವನು 1808ರಲ್ಲಿ ಮಾರುವಾಗ, ಅದನ್ನು ಕಟ್ಟಡವಿಲ್ಲದ ತೋಟವಾಗಿಯೇ ಉಳಿಸಬೇಕೆಂದು ಕ್ರಯಪತ್ರದಲ್ಲಿ ಬರೆಯಿಸಿದ್ದನು. ತೋಟ ಕೈಯಿಂದ ಕೈಗೆ ಹೋಗಿ ಮಾಕ್ಸೆ ಎಂಬವನ ವಶಕ್ಕೆ ಬಂದಾಗ, ಅವನು ಕಟ್ಟಡ ಕಟ್ಟಲು ಹವಣಿಸಿದನು. ಕರಾರಿನ ಸಂಗತಿಯನ್ನು ತಿಳಿದೇ ಕೊಂಡವನು ಅದಕ್ಕೆ ಬದ್ಧನೆಂದು 1848ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಹೀಗೆ ಕರಾರು ಮನುಷ್ಯನನ್ನು ಬಿಟ್ಟು ನೆಲಕ್ಕೆ ಅಂಟಿಕೊಂಡಿತು. ನೆಲ ಎಲ್ಲಿಯವರೆಗೋ ಕರಾರೂ ಅಲ್ಲಿಯವರೆಗೆ. ಒಂದು ತೋಟದ ಮರಗಳನ್ನು ಉಳಿಸಿದ ಈ ತತ್ತ್ವವೇ ಮುಂದೆ ಅಟ್ಲಾಂಟಿಕ್ ಸಾಗರದಾಚೆ ಲಕ್ಷಾಂತರ ಮನೆಗಳ ಗೋಡೆಗಳನ್ನು ಆಳತೊಡಗಿತು.

ಅಮೇರಿಕೆಯಲ್ಲಿ ದೊಡ್ಡ ಹೊಲವೊಂದನ್ನು ಕೊಂಡು, ಬೀದಿಗಳನ್ನು ಎಳೆದು, ನಿವೇಶನಗಳನ್ನಾಗಿ ಒಡೆದು ಮಾರುವ ವ್ಯಾಪಾರಿಗಳು ಎಲ್ಲ ಕ್ರಯಪತ್ರಗಳಿಗೂ ಒಂದೇ ಬಗೆಯ ಕಟ್ಟಳೆಗಳನ್ನು ಅಂಟಿಸಿದರು. ಮನೆ ಬೀದಿಯಿಂದ ಎಷ್ಟು ಹಿಂದೆ ಇರಬೇಕು, ಬೇಲಿ ಎಷ್ಟು ಎತ್ತರ, ಅಂಗಳದಲ್ಲಿ ಕೋಳಿ ಸಾಕಬಹುದೇ, ಬಟ್ಟೆ ಒಣಗಹಾಕಬಹುದೇ, ಗೋಡೆಗೆ ಯಾವ ಬಣ್ಣ. ಇವುಗಳ ಪಾಲನೆಗೆ ನಿವಾಸಿಗಳ ಸಂಘವೊಂದು ಇರುತ್ತದೆ. ಅದರ ಸಮಿತಿ ಬಣ್ಣದ ಮಾದರಿ ಚೀಟಿಗಳನ್ನು ನೋಡಿ ಒಪ್ಪಿಗೆ ಕೊಡಬೇಕು. ಒಪ್ಪಿಗೆಯಿಲ್ಲದೆ ಬಳಿದವನಿಗೆ ಮೊದಲು ಪತ್ರ, ಅನಂತರ ದಂಡ, ಕಡೆಗೆ ನ್ಯಾಯಾಲಯ. ಟೆಕ್ಸಸ್ ಸಂಸ್ಥಾನದ ಹ್ಯೂಸ್ಟನ್ ನಗರದ ವಿಷಯ ಸ್ವಾರಸ್ಯಕರವಾಗಿದೆ. ಆ ಮಹಾನಗರದ ಮತದಾರರು 1948, 1962 ಮತ್ತು 1993ರಲ್ಲಿ, ಮೂರು ಬಾರಿ, ನಗರದ ವಲಯ ನಿಯಂತ್ರಣ ನಮಗೆ ಬೇಡವೆಂದು ಮತವಿತ್ತರು. ಸ್ವಾತಂತ್ರ್ಯಪ್ರಿಯರೆಂದು ನಾವು ಮೆಚ್ಚುವಷ್ಟರಲ್ಲಿ, ಅಲ್ಲಿನ ಅನೇಕ ಬಡಾವಣೆಗಳು ಕ್ರಯಪತ್ರದ ಕಟ್ಟಳೆಗಳಿಂದಲೇ ಬಿಗಿಯಲ್ಪಟ್ಟಿವೆಯೆಂಬುದು ತಿಳಿಯುತ್ತದೆ. ಸರಕಾರದ ಕಡಿವಾಣ ಬೇಡವೆಂದವರು ನೆರೆಯವರ ಕಡಿವಾಣವನ್ನು ಹಾಕಿಸಿಕೊಂಡರು.

ಕಟ್ಟಳೆಯ ಪರವಾಗಿ ಹೇಳಬೇಕಾದ ಮಾತೂ ಇದೆ. ಗೋಡೆಯ ಒಡೆಯನು ಮನೆಯೊಳಗೆ ಕುಳಿತಿರುತ್ತಾನೆ. ಗೋಡೆಯನ್ನು ದಿನವೂ ನೋಡುವವನು ಎದುರು ಮನೆಯವನು. ಮನೆಯೆಂಬುದು ಅನೇಕ ಕುಟುಂಬಗಳಿಗೆ ಆಯುಷ್ಯದ ಉಳಿತಾಯವೆಲ್ಲ; ಪಕ್ಕದ ಮನೆ ಕಣ್ಣು ಕುಕ್ಕುವಂತಿದ್ದರೆ ತಮ್ಮ ಮನೆಗೆ ಬೆಲೆ ಬಾರದೆಂಬ ಅಂಜಿಕೆ ಅವರಿಗಿರುತ್ತದೆ. ಅಲ್ಲದೆ, ಕಟ್ಟಳೆಯನ್ನು ಓದಿ ಒಪ್ಪಿಯೇ ಬಂದವನು ಆಮೇಲೆ ಮುರಿದರೆ, ಅದನ್ನು ನಂಬಿ ಬಂದ ಉಳಿದವರ ಗತಿಯೇನು? ಈ ವಾದಗಳನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು.

ಆದರೆ ಇದೇ ಕ್ರಯಪತ್ರಗಳ ಇನ್ನೊಂದು ಪುಟವನ್ನು ಮಗುಚಿ ನೋಡಬೇಕು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಂಥ ಅನೇಕ ಪತ್ರಗಳಲ್ಲಿ ಬೇಲಿಯ ಎತ್ತರದ ಜತೆಗೆ, ಈ ಮನೆಯನ್ನು ನೀಗ್ರೋ ಜನರಿಗೆ ಮಾರಕೂಡದು, ಅವರು ಇಲ್ಲಿ ವಾಸಿಸಕೂಡದು ಎಂಬ ಷರತ್ತೂ ಇರುತ್ತಿತ್ತು. ಗೋಡೆಯ ಬಣ್ಣಕ್ಕೆ ಮೊದಲು ಮನುಷ್ಯರ ಬಣ್ಣವನ್ನು ನಿಯಂತ್ರಿಸಿದ ಕಾಗದವದು. ಸೇಂಟ್ ಲೂಯಿಸ್ ನಗರದ ಒಂದು ಮನೆಯ ಮೇಲೆ 1911ರಲ್ಲಿ ಬರೆದಿದ್ದ ಇಂಥ ಕರಾರಿನ ವಿಷಯವಾಗಿ ನಡೆದ ಶೆಲ್ಲಿ-ಕ್ರೇಮರ್ ಮೊಕದ್ದಮೆಯಲ್ಲಿ, ನ್ಯಾಯಾಲಯಗಳು ಇವನ್ನು ಜಾರಿಗೊಳಿಸುವಂತಿಲ್ಲವೆಂದು 1948ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿತು. ಮನೆಗಳ ಮಾರಾಟದಲ್ಲಿಯೂ ಬಾಡಿಗೆಯಲ್ಲಿಯೂ ವರ್ಣಭೇದವನ್ನು ನಿಷೇಧಿಸುವ ಕಾಯಿದೆ ಬಂದುದು 1968ರಲ್ಲಿ. ನೆರೆಹೊರೆಯ ‘ಅಂದಚೆಂದ’ ಎಂಬ ಮಾತು ಬಂದಾಗ, ಅದು ಯಾರ ಅಂದ, ಯಾರ ಚೆಂದ ಎಂದು ಕೇಳುವ ಅಭ್ಯಾಸವನ್ನು ಈ ಇತಿಹಾಸವೇ ಅಲ್ಲಿನವರಿಗೆ ಕಲಿಸಿತು.

ಆ ಪ್ರಶ್ನೆಯನ್ನು ಗೋಡೆಯ ಮೇಲೆಯೇ ಬರೆದಂತೆ ಕೇಳಿದವರು ಲೇಖಕಿ ಸಾಂಡ್ರಾ ಸಿಸ್ನೆರೋಸ್. ಮೆಕ್ಸಿಕನ್ ಮೂಲದ ಕುಟುಂಬದಲ್ಲಿ 1954ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಇವರು, 1984ರಲ್ಲಿ ಪ್ರಕಟವಾದ ‘ದ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ ಎಂಬ ಕೃತಿಯಿಂದ ಪ್ರಖ್ಯಾತರಾದರು. ಸ್ವಂತ ಮನೆಗಾಗಿ ಹಂಬಲಿಸುವ ಹುಡುಗಿಯ ಕಥೆಯದು. ಟೆಕ್ಸಸ್ಸಿನ ಸಾನ್ ಆಂಟೋನಿಯೋ ನಗರದ ಕಿಂಗ್ ವಿಲಿಯಂ ಬಡಾವಣೆಯಲ್ಲಿ ಅವರಿಗೆ ಸ್ವಂತ ಮನೆಯೇ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀಮಂತ ಜರ್ಮನ್ ವರ್ತಕರು ನೆಲೆಸಿ, ಪ್ರಷ್ಯದ ಅರಸನ ಹೆಸರಿಟ್ಟ ಬಡಾವಣೆಯದು. ಇಲ್ಲಿ ಕಟ್ಟಳೆಯಿದ್ದುದು ಕ್ರಯಪತ್ರದಿಂದಲ್ಲ, ನಗರಸಭೆಯ ಪಾರಂಪರಿಕ ಸಂರಕ್ಷಣೆಯ ನಿಯಮದಿಂದ. ಆದರೂ ಮನೆಯವನ ಪಾಲಿಗೆ ಎರಡೂ ಒಂದೇ. 1997ರಲ್ಲಿ ಸಿಸ್ನೆರೋಸರು ತಮ್ಮ ಮನೆಗೆ ಢಾಳಾದ ನೇರಳೆ ಬಣ್ಣ ಬಳಿಸಿದರು. ಸಂರಕ್ಷಣಾ ಆಯೋಗ ಆಕ್ಷೇಪಿಸಿತು: ಈ ಬಣ್ಣ ಇಲ್ಲಿನ ಇತಿಹಾಸಕ್ಕೆ ಒಪ್ಪುವುದಿಲ್ಲ; ಒಪ್ಪುತ್ತದೆಂದಾದರೆ ದಾಖಲೆ ತೋರಿಸಬೇಕು.

ದಾಖಲೆಯನ್ನು ಎಲ್ಲಿಂದ ತರುವುದು? ಜರ್ಮನ್ ವರ್ತಕರ ಬಂಗಲೆಗಳು ಕಲ್ಲಿನವು; ಅವು ಉಳಿದಿವೆ, ಅವುಗಳ ಚಿತ್ರಗಳೂ ಉಳಿದಿವೆ. ಅದೇ ಊರಿನಲ್ಲಿ ಅವರಿಗಿಂತ ಮೊದಲಿದ್ದ ಮೆಕ್ಸಿಕನ್ ಬಡವರ ಮನೆಗಳನ್ನು ಯಾರೂ ಬರೆದಿಡಲಿಲ್ಲ, ಯಾರೂ ಕಾಪಾಡಲಿಲ್ಲ. ಸಿಸ್ನೆರೋಸರ ಉತ್ತರದ ಸಾರ ಇದೇ: ನಮ್ಮ ಜನರ ಇತಿಹಾಸ ನಿಮ್ಮ ಕಡತಗಳಲ್ಲಿ ಇಲ್ಲದಿರುವುದು ನಮಗೆ ಇತಿಹಾಸವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ, ಢಾಳಾದ ಬಣ್ಣಗಳೇ ನಮ್ಮ ಪರಂಪರೆ. ಪತ್ರಿಕೆಗಳು ಈ ಜಗಳವನ್ನು ದೇಶದುದ್ದಕ್ಕೂ ಹರಡಿದವು. ಜನರು ಮನೆಯನ್ನು ನೋಡಲು ಬರತೊಡಗಿದರು. ಊರು ಬಿಟ್ಟು ಊರಿಗೆ ಬಂದು, ಮಕ್ಕಳಿಗೆ ಮನೆಮಾತಿನಲ್ಲಿ ಪಾಠ ಹೇಳಿಸುವ ನಮ್ಮಂಥವರಿಗೆ ಈ ಉತ್ತರದ ಮರ್ಮ ಬೇಗನೆ ತಿಳಿಯುತ್ತದೆಂದು ನಾವು ಭಾವಿಸುತ್ತೇವೆ.

ಬಣ್ಣದ ‘ಇತಿಹಾಸ’ವೂ ಎಲ್ಲೋ ಒಂದು ದಿನ ಆರಂಭವಾದುದೇ ಅಲ್ಲವೇ? 1727ರಲ್ಲಿ ಸ್ಥಾಪಿತವಾದ ಜಯಪುರವು ‘ಗುಲಾಬಿ ನಗರ’ವಾಗಿ ಹೆಸರಾದುದು ಸುಮಾರು ಒಂದೂವರೆ ಶತಮಾನದ ಬಳಿಕ. ಬ್ರಿಟಿಷ್ ಯುವರಾಜನ ಸ್ವಾಗತಕ್ಕೆಂದು ಮಹಾರಾಜ ಸವಾಯಿ ರಾಮಸಿಂಹನು 1876ರಲ್ಲಿ ನಗರಕ್ಕೆ ಈ ಬಣ್ಣ ಬಳಿಸಿದನೆಂದು ಪ್ರಸಿದ್ಧಿ. ಅತಿಥಿ ಬಂದು ಹೋದನು, ಬಣ್ಣ ಉಳಿಯಿತು. 2019ರಲ್ಲಿ ಯುನೆಸ್ಕೋ ಆ ಕೋಟೆಯೊಳಗಣ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ 2015ರಲ್ಲಿ ಬಿಳಿಯ ಮನೆಯೊಂದರ ಮುಂಭಾಗಕ್ಕೆ ಒಡತಿಯೊಬ್ಬರು ಕೆಂಪುಬಿಳಿ ಪಟ್ಟೆ ಬಳಿಸಿದಾಗ ನೆರೆಯವರು ಕನಲಿದರು, ಪುರಸಭೆ ನೋಟೀಸು ಕೊಟ್ಟಿತು. 2017ರಲ್ಲಿ ಉನ್ನತ ನ್ಯಾಯಾಲಯ ಆ ನೋಟೀಸನ್ನು ರದ್ದುಪಡಿಸಿತು. ದಕ್ಷಿಣದ ದೇವಾಲಯಗಳ ಪ್ರಾಕಾರದಲ್ಲಿ ಸುಣ್ಣ-ಕಾವಿಗಳ ಪಟ್ಟೆಯನ್ನು ಕಂಡ ನಮ್ಮ ಅಜ್ಜಿಯರು ಅಲ್ಲಿಗೆ ಹೋಗಿದ್ದರೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರೇನೋ!

ಸಾನ್ ಆಂಟೋನಿಯೋದ ಜಗಳವನ್ನು ಕಡೆಗೆ ತೀರಿಸಿದವನು ಸೂರ್ಯ. ಇದನ್ನು ತಿಳಿಯಲು ಸ್ವಲ್ಪ ರಸಾಯನಶಾಸ್ತ್ರ ಬೇಕು. ಕೆಮ್ಮಣ್ಣಿನ ಕೆಂಪು ಎಂದರೆ ಕಬ್ಬಿಣದ ತುಕ್ಕೇ. ಕಬ್ಬಿಣವು ಆಮ್ಲಜನಕದೊಡನೆ ಆಗಲೇ ಕೂಡಿ ಸ್ಥಿರವಾಗಿರುವುದರಿಂದ ಬಿಸಿಲು ಅದಕ್ಕೆ ಹೆಚ್ಚಿನ ಕೇಡು ಮಾಡಲಾರದು. ಗುಹೆಗಳಲ್ಲಿ ಆದಿಮಾನವರು ಬರೆದ ಕಾವಿಯ ಚಿತ್ರಗಳು ಇಂದಿಗೂ ಕಾಣುವುದು ಇದರಿಂದಲೇ. ಕೃತಕವಾದ ಅನೇಕ ಕೆಂಪು, ನೇರಳೆ ವರ್ಣಗಳು ಹಾಗಲ್ಲ. ಅವು ಇಂಗಾಲದ ಪರಮಾಣುಗಳ ಸರಪಣಿಗಳಿಂದಲೂ ಉಂಗುರಗಳಿಂದಲೂ ಆದವು. ಆ ಜೋಡಣೆಯೇ ಬೆಳಕಿನ ಒಂದಂಶವನ್ನು ಹೀರಿ ನಮಗೆ ಬಣ್ಣ ತೋರಿಸುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಆ ಕೊಂಡಿಗಳನ್ನು ಒಂದೊಂದಾಗಿ ಮುರಿಯುತ್ತವೆ. ಕೊಂಡಿ ಮುರಿದಂತೆ ಬಣ್ಣ ಮಾಸುತ್ತದೆ. ಕೆಂಪು ನೀಲಿಗಳು ಬೆರೆತ ನೇರಳೆಯಲ್ಲಿ ಕೆಂಪು ಮೊದಲು ಮಾಸಿದರೆ ಉಳಿಯುವುದು ನೀಲಿಯ ಛಾಯೆ. ಟೆಕ್ಸಸ್ಸಿನ ಬಿಸಿಲು ನಮ್ಮ ರಾಯಚೂರಿನ ಬಿಸಿಲಿಗೇನೂ ಕಡಿಮೆಯಿಲ್ಲ. ಒಂದೆರಡು ವರ್ಷಗಳ ವಾದ ನಡೆಯುತ್ತಿದ್ದಂತೆಯೇ ಸಿಸ್ನೆರೋಸರ ಗೋಡೆ ತಿಳಿಯಾಗುತ್ತ ಬಂದಿತು. ಆಯೋಗದವರು ಮತ್ತೆ ಪರಿಶೀಲಿಸಿ, ಮಾಸಿದ ಆ ಬಣ್ಣ ಬಡಾವಣೆಯ ಇತಿಹಾಸಕ್ಕೆ ಒಪ್ಪುವಂಥದೇ ಎಂದು ಅನುಮತಿಸಿದರು. ಗೋಡೆಯನ್ನು ಯಾರೂ ಮತ್ತೆ ಬಳಿದಿರಲಿಲ್ಲ.