ಮೊಡವೆ ಗುಳಿಗೆಗೆ ಮೊದಲು ರಕ್ತ ತಪಾಸಣೆ ಯಾಕೆ?



ನಮ್ಮ ಸಭೆಗಳಲ್ಲಿ ಉಳಿತಾಯ, ಸಾಲ, ಮರುಪಾವತಿ, ಮಕ್ಕಳ ಶಾಲೆ, ರಕ್ತಹೀನತೆ ಎಲ್ಲದರ ಬಗ್ಗೆ ಮಾತಾಡುತ್ತೇವೆ. ಮೊಡವೆ ಬಗ್ಗೆ ಮಾತ್ರ ಯಾರೂ ಮಾತೆತ್ತುವುದಿಲ್ಲ. "ಅದೇನ್ ದೊಡ್ಡ ಬ್ಯಾನಿ ಸಿಸ್ಟರ್, ವಯಸ್ಸಿಗೆ ಬರ್ತಾವ, ಹೋಗ್ತಾವ" ಅಂತ ನಕ್ಕು ಬಿಡುತ್ತೀರಿ. ಆದರೆ ಮಗಳು ಕನ್ನಡಿ ಮುಂದೆ ನಿಂತು ಅಳುವುದು, ಮುಖಕ್ಕೆ ಓಡಣಿ ಕಟ್ಟಿಕೊಂಡೇ ಕಾಲೇಜಿಗೆ ಹೋಗುವುದು ನಿಮಗೂ ಗೊತ್ತು. ಹಾಗೆ ನೊಂದ ಹುಡುಗಿಯರು ಯಾರನ್ನೂ ಕೇಳದೆ ಗುಳಿಗೆ ನುಂಗುತ್ತಿದ್ದಾರೆ. ಅದಕ್ಕಾಗಿ ಈ ಸಲದ ಪಾಠ ಇದು.

ಒಂದು ಮನೆಯ ಮಾತು

ಗೋಕಾಕ ಕಡೆಯ ಒಂದು ಹಳ್ಳಿಯಲ್ಲಿ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಬದಿಗೆ ಕರೆದು ಸೆರಗಿನಿಂದ ಒಂದು ಗುಳಿಗೆ ಚೀಟು ತೆಗೆದು ತೋರಿಸಿದಳು. ಮಗಳ ಲಗ್ನ ಗೊತ್ತಾಗಿತ್ತು. ಕಬ್ಬಿನ ಬಿಲ್ಲು ಬಂದಿತ್ತು, ಇನ್ನು ಇಪ್ಪತ್ತು ದಿನಕ್ಕೆ ಅಕ್ಕಿಕಾಳು. ಮಗಳ ಮುಖದ ತುಂಬ ದೊಡ್ಡ ದೊಡ್ಡ ಮೊಡವೆ. ಬೆಳಗಾವಿಯಲ್ಲಿ ಓದುವ ಚಿಕ್ಕಪ್ಪನ ಮಗಳಿಗೆ ಚರ್ಮದ ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನೇ ಈಕೆಯೂ ತರಿಸಿಕೊಂಡು ಒಂದೂವರೆ ತಿಂಗಳು ನುಂಗಿದ್ದಳು. ಮುಖ ತಿಳಿಯಾಗುತ್ತಿತ್ತು. ತಾಯಿಗೆ ಸಂತೋಷವೇ. ಆದರೆ ತುಟಿ ಒಡೆದು ರಕ್ತ ಬರುತ್ತಿದೆ, ಏನು ಮಾಡಲಿ ಎಂದು ಕೇಳಲು ಬಂದಿದ್ದಳು.

ನಾನು ಕೇಳಿದೆ, "ರಕ್ತ ತಪಾಸಣಿ ಮಾಡಿಸೀರೇನು?" ಆಕೆ, "ಮೊಡವಿ ಗುಳಿಗಿಗೆ ಯಾಕ್ರೀ ರಕ್ತ?" ಅಂದಳು.

ಈ ಪ್ರಶ್ನೆಗೆ ಉತ್ತರವೇ ಇವತ್ತಿನ ಪಾಠ.

ಇದು ಯಾವ ಗುಳಿಗೆ?

ಎಲ್ಲ ಮೊಡವೆಗೂ ಗುಳಿಗೆ ಬೇಡ. ಸಣ್ಣ ಮೊಡವೆಗೆ ಹಚ್ಚುವ ಮುಲಾಮು ಸಾಕು. ಅದಕ್ಕೆ ರಕ್ತ ತಪಾಸಣೆಯ ಅವಶ್ಯಕತೆ ಇಲ್ಲ. ಗಂಟು ಗಂಟಾಗಿ ಎದ್ದು, ಕೀವು ತುಂಬಿ, ಗುಣವಾದ ಮೇಲೂ ಕುಳಿ ಬೀಳಿಸುವ ಮೊಡವೆಗೆ, ಬೇರೆ ಔಷಧಿಗೆ ಬಗ್ಗದ ಮೊಡವೆಗೆ ಡಾಕ್ಟರು ಐಸೊಟ್ರೆಟಿನಾಯಿನ್ ಎಂಬ ಗುಳಿಗೆ ಕೊಡುತ್ತಾರೆ. ಇದು ವಿಟಮಿನ್ 'ಎ' ಜಾತಿಯ ಔಷಧಿ. ಕಂಪನಿಗೊಂದು ಹೆಸರು ಇರುತ್ತದೆ. ಚೀಟಿನ ಮೇಲೆ ದೊಡ್ಡ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಐಸೊಟ್ರೆಟಿನಾಯಿನ್ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಓದು ಬಲ್ಲ ಮಕ್ಕಳಿಂದ ಓದಿಸಿಕೊಳ್ಳಿರಿ.

ಅಮೆರಿಕದಲ್ಲಿ ಇದಕ್ಕೆ 1982ರಲ್ಲಿ ಒಪ್ಪಿಗೆ ಸಿಕ್ಕಿತು. ಬಹಳ ಒಳ್ಳೆಯ ಔಷಧಿ ಎಂಬುದರಲ್ಲಿ ಸಂಶಯವಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ತೆಗೆದುಕೊಂಡರೆ ಬಹಳ ಜನರಿಗೆ ಮೊಡವೆ ಪೂರ್ತಿ ಹೋಗುತ್ತದೆ. ಆದರೆ ಅದು ಮುಖದ ಮೇಲೆ ಮಾತ್ರ ಕೆಲಸ ಮಾಡುವುದಿಲ್ಲ, ಇಡೀ ದೇಹದಲ್ಲಿ ಓಡಾಡುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ.

ತಪಾಸಣೆ ಕೇಳುವ ಮೂರು ಪ್ರಶ್ನೆ

1. ಲಿವರ್ ಸರಿ ಇದೆಯೇ? ಔಷಧಿಯನ್ನು ಅರಗಿಸುವುದು ಲಿವರ್ (ಪಿತ್ತಜನಕಾಂಗ). ಮೊದಲೇ ಕಾಮಾಲೆ ಆಗಿ ಸೋತ ಲಿವರ್ ಇದ್ದರೆ ಇನ್ನಷ್ಟು ಭಾರ ಬೀಳುತ್ತದೆ. ರಿಪೋರ್ಟಿನಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂದು ಬರೆದಿರುವುದು ಇದರದೇ ಲೆಕ್ಕ. ಕೆಲವರಿಗೆ ಗುಳಿಗೆ ಶುರುವಾದ ಮೇಲೆ ಇದು ಸ್ವಲ್ಪ ಏರುತ್ತದೆ. ಬಹಳ ಸಲ ತಾನೇ ಇಳಿಯುತ್ತದೆ. ಹೆಚ್ಚು ಏರಿದರೆ ಡಾಕ್ಟರು ಗುಳಿಗೆ ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ.

2. ರಕ್ತದಲ್ಲಿ ಕೊಬ್ಬು ಎಷ್ಟಿದೆ? ಟ್ರೈಗ್ಲಿಸರೈಡ್ ಎಂಬ ಕೊಬ್ಬು 150ರ ಒಳಗೆ ಇರಬೇಕು. ಈ ಗುಳಿಗೆಯಿಂದ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಏರುತ್ತದೆ. ಸ್ವಲ್ಪ ಏರಿದರೆ ಊಟದಲ್ಲಿ ಎಣ್ಣೆ, ಸಿಹಿ ಕಡಿಮೆ ಮಾಡಿದರೆ ಸಾಕು. 500 ದಾಟಿದರೆ ಡಾಕ್ಟರು ಸುಮ್ಮನೆ ಬಿಡುವುದಿಲ್ಲ. ಇನ್ನೂ ಏರುತ್ತ ಹೋದರೆ ಮೇದೋಜೀರಕ ಗ್ರಂಥಿ ಬಾತು ಜೀವಕ್ಕೇ ಅಪಾಯ ಆಗಬಹುದು. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರು ಹೆಚ್ಚು ಎಚ್ಚರದಿಂದ ಇರಬೇಕು.

3. ಹೊಟ್ಟೆಯಲ್ಲಿ ಕೂಸು ಇದೆಯೇ? ಮೂರರಲ್ಲಿ ದೊಡ್ಡ ಪ್ರಶ್ನೆ ಇದು. ಈ ಗುಳಿಗೆ ತೆಗೆದುಕೊಳ್ಳುವಾಗ ಬಸಿರು ನಿಂತರೆ ಕೂಸಿನ ಕಿವಿ, ಮುಖ, ಹೃದಯ, ಮೆದುಳು ಸರಿಯಾಗಿ ಬೆಳೆಯದೆ ಹೋಗಬಹುದು. ಹಾಗೆ ಹುಟ್ಟಿದ ಐದು ಕೂಸುಗಳಲ್ಲಿ ಒಂದಕ್ಕಾದರೂ ದೊಡ್ಡ ಊನ ಕಂಡುಬಂದಿದೆ. ಗರ್ಭಪಾತವೂ ಆಗಬಹುದು. ಆದ್ದರಿಂದ ಗುಳಿಗೆ ಶುರು ಮಾಡುವ ಮೊದಲು, ತೆಗೆದುಕೊಳ್ಳುವಾಗ ಪ್ರತಿ ತಿಂಗಳು, ಮತ್ತು ನಿಲ್ಲಿಸಿ ಒಂದು ತಿಂಗಳಾದ ಮೇಲೆ ಗರ್ಭದ ತಪಾಸಣೆ ಮಾಡಿಸಬೇಕು. ರಕ್ತದಲ್ಲೂ ನೋಡುತ್ತಾರೆ, ಮೂತ್ರದಲ್ಲೂ ನೋಡುತ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ಹತ್ತಿರ ಇದಕ್ಕೆಂದೇ 'ನಿಶ್ಚಯ್' ಕಿಟ್ ಇರುತ್ತದೆ, ಕೇಳಿರಿ.

ಇಲ್ಲಿ ತಾಯಂದಿರಿಗೆ ಒಂದು ಮಾತು. ಮದುವೆಯಾಗದ ಹುಡುಗಿಗೆ ಡಾಕ್ಟರು ಈ ತಪಾಸಣೆ ಬರೆದುಕೊಟ್ಟರೆ ಕೆಲವರು ಸಿಟ್ಟಾಗುತ್ತಾರೆ. "ನಮ್ ಹುಡುಗಿ ಅಂಥಾಕಿ ಅಲ್ಲ" ಅಂತ ಜಗಳಕ್ಕೆ ನಿಲ್ಲುತ್ತಾರೆ. ಅವರು ನಿಮ್ಮ ಮಗಳ ಗುಣ ಪರೀಕ್ಷೆ ಮಾಡುವುದಿಲ್ಲ. ಔಷಧಿಯ ನಿಯಮ ಎಲ್ಲರಿಗೂ ಒಂದೇ.

ತಪಾಸಣೆ ಯಾವಾಗ, ಹೇಗೆ?

ಲಿವರ್ ಮತ್ತು ಕೊಬ್ಬಿನ ತಪಾಸಣೆ ಮೊದಲ ಸಲ ಗುಳಿಗೆ ಶುರು ಮಾಡುವ ಮೊದಲು. ಎರಡನೇ ಸಲ ಒಂದೆರಡು ತಿಂಗಳಾಗಿ ಗುಳಿಗೆಯ ಪ್ರಮಾಣ ಪೂರ್ತಿಗೆ ಬಂದಾಗ. ಎರಡೂ ಸರಿ ಇದ್ದರೆ ಪದೇ ಪದೇ ಮಾಡಿಸುವುದು ಬೇಕಾಗಲಿಕ್ಕಿಲ್ಲ, ಏರುಪೇರು ಇದ್ದರೆ ಡಾಕ್ಟರು ಹೇಳಿದಂತೆ ಮಾಡಿಸಿರಿ. ಹಿಂದೆ ಪ್ರತಿ ತಿಂಗಳೂ ರಕ್ತ ತೆಗೆಯುತ್ತಿದ್ದರು. 2024ರಲ್ಲಿ ಅಮೆರಿಕದ ಚರ್ಮರೋಗ ತಜ್ಞರ ಸಂಘ ಕೊಟ್ಟ ಸೂಚನೆಯ ಪ್ರಕಾರ ಆರೋಗ್ಯವಂತರಿಗೆ ರಕ್ತಕಣಗಳ ಎಣಿಕೆ ಈ ಗುಳಿಗೆಗಾಗಿ ಬೇಕಿಲ್ಲ. ಅಂದರೆ ಲ್ಯಾಬಿನ ದೊಡ್ಡ ಪ್ಯಾಕೇಜಿಗೆ ಸಂಘದಿಂದ ಸಾಲ ಎತ್ತುವ ಕಾರಣವಿಲ್ಲ. ಚೀಟಿಯಲ್ಲಿ ಬರೆದದ್ದನ್ನು ಮಾತ್ರ ಮಾಡಿಸಿರಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಸರಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಇವುಗಳಲ್ಲಿ ಯಾವುದು ಆಗುತ್ತದೆ ಎಂದು ಮೊದಲು ವಿಚಾರಿಸಿರಿ. ಚರ್ಮದ ತಜ್ಞರಿಗೆ ತೋರಿಸಲು ಬೆಳಗಾವಿಯಲ್ಲಿ ಸರಕಾರದ ಬಿಮ್ಸ್ ಆಸ್ಪತ್ರೆ ಇದೆ.

ಕೊಬ್ಬಿನ ತಪಾಸಣೆಗೆ ಬರಿಹೊಟ್ಟೆ ಇರಬೇಕು. ರಾತ್ರಿ ಊಟ ಬೇಗ ಮುಗಿಸಿ, 9ರಿಂದ 12 ತಾಸು ನೀರು ಬಿಟ್ಟು ಏನೂ ಬೇಡ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಂದು ಕಪ್ ಚಹಾ, ಒಂದು ತುಂಡು ಕರದಂಟು ಬಾಯಿಗೆ ಹಾಕಿಕೊಂಡರೆ ರಿಪೋರ್ಟು ಕೆಟ್ಟಿತು! ಅದು ರಕ್ತ ಕೊಟ್ಟ ಮೇಲೆ.

ಮುಟ್ಟು ಸರಿಯಾಗಿ ಆಗದೆ, ಗದ್ದದ ಮೇಲೆ ಕೂದಲು ಬಂದು, ಜೊತೆಗೆ ಮೊಡವೆಯೂ ಇದ್ದರೆ ಡಾಕ್ಟರಿಗೆ ಮರೆಯದೆ ಹೇಳಿರಿ. ಅದಕ್ಕೆ ಹಾರ್ಮೋನಿನ ತಪಾಸಣೆ ಬೇರೆ ಇದೆ.

ಗುಳಿಗೆ ನಡೆದಿರುವಾಗ

* ಊಟದ ಜೊತೆ ತೆಗೆದುಕೊಳ್ಳಬೇಕು. ತುಟಿ, ಚರ್ಮ, ಕಣ್ಣು ಒಣಗುವುದು ಸಹಜ. ತುಟಿಗೆ ವ್ಯಾಸಲಿನ್ ಹಚ್ಚಿರಿ.
* ವಿಟಮಿನ್ 'ಎ' ಇರುವ ಬೇರೆ ಗುಳಿಗೆ ಬೇಡ. ಮೊಡವೆಗೆಂದೇ ಕೊಡುವ ಡಾಕ್ಸಿಸೈಕ್ಲಿನ್ ಇದರ ಜೊತೆ ಸೇರಬಾರದು. ಎರಡೂ ಸೇರಿದರೆ ತಲೆಯೊಳಗೆ ಒತ್ತಡ ಏರಬಹುದು.
* ಗುಳಿಗೆ ನಡೆದಾಗ ಮತ್ತು ನಿಲ್ಲಿಸಿ ಒಂದು ತಿಂಗಳವರೆಗೆ ರಕ್ತದಾನ ಮಾಡಬಾರದು. ಆ ರಕ್ತ ಬಸುರಿಗೆ ಹೋಗಬಹುದು.
* ಗಂಡುಮಕ್ಕಳು ತೆಗೆದುಕೊಂಡರೂ ಲಿವರ್, ಕೊಬ್ಬಿನ ತಪಾಸಣೆ ಬೇಕೇ ಬೇಕು. ಕುಡಿತ ಬೇಡ.
* ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬಾರದು. ತೂಕ ನೋಡಿ ಪ್ರಮಾಣ ಬರೆದಿರುತ್ತಾರೆ.

ಹೊಟ್ಟೆ ವಿಪರೀತ ನೋವು ಮತ್ತು ವಾಂತಿ, ಕಣ್ಣು ಹಳದಿ ಆಗುವುದು, ತಲೆ ಸಿಡಿದು ಕಣ್ಣು ಮಂಜಾಗುವುದು, ಮನಸ್ಸು ಬಹಳ ಕುಗ್ಗಿ ಜೀವ ಬೇಡ ಅನ್ನಿಸುವುದು, ಮುಟ್ಟು ನಿಲ್ಲುವುದು - ಇವುಗಳಲ್ಲಿ ಯಾವುದೊಂದು ಕಂಡರೂ ಗುಳಿಗೆ ನಿಲ್ಲಿಸಿ ಅಂದೇ ಡಾಕ್ಟರ ಹತ್ತಿರ ಹೋಗಬೇಕು.

ಆ ಹುಡುಗಿಗೆ ಏನಾಯಿತು?

ಮರುದಿನವೇ ತಾಯಿ-ಮಗಳನ್ನು ಡಾಕ್ಟರ ಹತ್ತಿರ ಕಳಿಸಿದೆವು. ರಕ್ತದ ರಿಪೋರ್ಟು ಸರಿಯಾಗಿ ಬಂತು. ಡಾಕ್ಟರು ಗುಳಿಗೆ ನಿಲ್ಲಿಸಿ, "ಇವತ್ತಿನಿಂದ ಒಂದು ತಿಂಗಳು ದಾಟುವ ತನಕ ಬಸಿರು ನಿಲ್ಲಬಾರದು" ಎಂದರು. ಲಗ್ನಕ್ಕೆ ಉಳಿದದ್ದು ಇಪ್ಪತ್ತೇ ದಿನ. ತಾಯಿ ಕಂಗಾಲಾದಳು. "ಬೀಗರಿಗೆ ಹೆಂಗ್ ಹೇಳೂಣ್ರೀ? ಹುಡುಗೀಗೆ ಏನೋ ಬ್ಯಾನಿ ಐತಿ ಅಂತಾರ" ಎಂದು ಅತ್ತಳು. ಕೊನೆಗೆ ಹುಡುಗಿಯೇ ಧೈರ್ಯ ಮಾಡಿ ಹುಡುಗನಿಗೆ ಫೋನು ಮಾಡಿದಳು. ಡಾಕ್ಟರು ಇಬ್ಬರನ್ನೂ ಕೂರಿಸಿ ತಿಳಿಸಿ ಹೇಳಿದರು. ದೊಡ್ಡವರಿಗೆ ಕಷ್ಟವಾದ ಮಾತು ಆ ಹುಡುಗನಿಗೆ ಹತ್ತು ನಿಮಿಷದಲ್ಲಿ ಅರ್ಥವಾಯಿತು. ಲಗ್ನ ಅದೇ ಮುಹೂರ್ತಕ್ಕೆ ಆಯಿತು.

ಅವಳ ಪುಣ್ಯ, ತುಟಿ ಒಡೆದದ್ದರಿಂದ ವಿಷಯ ಹೊರಗೆ ಬಂತು. ತುಟಿ ಒಡೆಯದೇ ಇದ್ದಿದ್ದರೆ? ಆದ್ದರಿಂದ ಲಗ್ನ ಹತ್ತಿರ ಬಂದಾಗ ಈ ಗುಳಿಗೆಗೆ ಆಸೆಪಡಬೇಡಿರಿ. ಡಾಕ್ಟರಿಗೆ ಲಗ್ನದ ತಾರೀಖು ಮೊದಲೇ ಹೇಳಿರಿ, ಅವರು ಬೇರೆ ಔಷಧಿ ಕೊಡುತ್ತಾರೆ. ಮದುವೆಯಾದವರಿಗೆ ಗುಳಿಗೆ ಬೇಕೇ ಬೇಕೆಂದಾದರೆ ಗಂಡ-ಹೆಂಡತಿ ಇಬ್ಬರೂ ಕೂಡಿ ಹೋಗಿ, ಕೂತು, ಕೇಳಿ ಬರಬೇಕು.

ಮೊಡವೆ ಇದ್ದ ಮುಖಕ್ಕೂ ಬೆಲೆ ಇದೆ. ಚಿಕಿತ್ಸೆ ಕೊಡಿಸಿರಿ, ಆದರೆ ತಪಾಸಣೆ ಮಾಡಿಸಿ ಕೊಡಿಸಿರಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಮನೆಯಲ್ಲಿ ಯಾರಾದರೂ ಮೊಡವೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆಯೇ? ಚೀಟಿನ ಮೇಲಿನ ಹೆಸರು ಓದಿ ನೋಡಿದ್ದೇವೆಯೇ?
2. ಮೆಡಿಕಲ್ ಅಂಗಡಿಯಲ್ಲಿ ವೈದ್ಯರ ಚೀಟಿ ಇಲ್ಲದೆ ಗುಳಿಗೆ ಕೊಟ್ಟರೆ ನಾವು ಏನು ಮಾಡಬೇಕು?
3. ಹೆಣ್ಣುಮಕ್ಕಳು ಇಂಥ ವಿಷಯವನ್ನು ಅಂಜದೆ ನಮ್ಮ ಹತ್ತಿರ ಹೇಳಬೇಕಾದರೆ ನಾವು ಹೇಗೆ ನಡೆದುಕೊಳ್ಳಬೇಕು?